ಮೊದಲು ನೆಕ್ ನೋಡಿ, ಆಮೇಲೆ ಬೆಲೆ ಮಾತಾಡಿ: ಬೇಸ್ ಗಿಟಾರ್ ಕುರಿತು ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ಮೂರು ವರ್ಷ ಅಕೌಸ್ಟಿಕ್ ಗಿಟಾರ್ ನುಡಿಸಿದ ಮೇಲೆ ಈಗ ಬೇಸ್ ಕಲಿಯಬೇಕೆಂದಿದ್ದೇನೆ. ಕೋರಮಂಗಲದಲ್ಲಿ ಒಬ್ಬರು ತಮ್ಮ ಎಂಟು ವರ್ಷ ಹಳೆಯ, ನಾಲ್ಕು ತಂತಿಯ ಬೇಸನ್ನು 22 ಸಾವಿರಕ್ಕೆ ಕೊಡಲು ಒಪ್ಪಿದ್ದಾರೆ. ನೋಡಲು ಚೆನ್ನಾಗಿದೆ, ಆದರೆ ತಂತಿಗಳು ಫ್ರೆಟ್‌ಬೋರ್ಡಿನಿಂದ (ಫ್ರೆಟ್ ಎಂಬ ಅಡ್ಡ ಲೋಹಪಟ್ಟಿಗಳಿರುವ, ಬೆರಳು ಒತ್ತುವ ಹಲಗೆಯಿಂದ) ಬಹಳ ಮೇಲಿವೆ. ‘ಒಂದು ಸೆಟಪ್ (ನೆಕ್, ತಂತಿಗಳ ಹೊಂದಾಣಿಕೆ) ಮಾಡಿಸಿದರೆ ಸರಿಹೋಗುತ್ತದೆ’ ಎನ್ನುತ್ತಾರೆ. ನಂಬಬಹುದೇ? – ಓದುಗರು, ರಾಜಾಜಿನಗರ

ಉತ್ತರ: ಮಾರುವವರು ಹೇಳುತ್ತಿರುವುದು ನಿಜವೇ ಇರಬಹುದು. ಆದರೆ ಅದನ್ನು ನಂಬಿಕೆಯ ಮೇಲೆ ಬಿಡಬೇಕಾಗಿಲ್ಲ, ಹತ್ತು ನಿಮಿಷದ ಪರೀಕ್ಷೆಯಿಂದ ಅಲ್ಲಿಯೇ ತೀರ್ಮಾನಕ್ಕೆ ಬರಬಹುದು. ತಂತಿ ಎತ್ತರದಲ್ಲಿರುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ತಂತಿಗಳ ಬುಡದಲ್ಲಿರುವ ಬ್ರಿಡ್ಜಿನ ಮೇಲಿನ ಸ್ಯಾಡಲ್‌ಗಳನ್ನು (ತಂತಿಯನ್ನು ಹೊರುವ ಪುಟ್ಟ ತುಂಡುಗಳನ್ನು) ಯಾರೋ ಎತ್ತರಿಸಿಟ್ಟಿದ್ದರೆ ಅದು ಚಿಕ್ಕ ಆಲೆನ್ ಕೀಯಿಂದ ಐದು ನಿಮಿಷದಲ್ಲಿ ಮುಗಿಯುವ ಕೆಲಸ; ನೆಕ್ (ಫ್ರೆಟ್‌ಬೋರ್ಡ್ ಇರುವ ಉದ್ದನೆಯ ಕತ್ತು) ಮುಂದಕ್ಕೆ ಬಾಗಿದ್ದರೆ ಮಾತ್ರ ಅದು ಎಷ್ಟರಮಟ್ಟಿಗೆ ಬಾಗಿದೆ, ಅದನ್ನು ಹಿಂದಕ್ಕೆ ತರಲು ಇನ್ನೂ ಅವಕಾಶ ಉಳಿದಿದೆಯೇ ಎಂಬುದನ್ನು ತಿಳಿಯದೆ ಹಣ ಕೊಡಬಾರದು.

1951ರಲ್ಲಿ ಲಿಯೋ ಫೆಂಡರ್ ಅವರ ಕಂಪನಿ ಪ್ರಿಸಿಷನ್ ಬೇಸನ್ನು ಹೊರತಂದಾಗ ಆರಿಸಿಕೊಂಡ 34 ಇಂಚಿನ, ಅಂದರೆ ಸುಮಾರು 864 ಮಿಲಿಮೀಟರಿನ ತಂತಿಯ ಅಳತೆಯೇ ಇಂದಿಗೂ ಬಹುಪಾಲು ಬೇಸ್‌ಗಳಲ್ಲಿ ಉಳಿದುಬಂದಿದೆ. ಇಷ್ಟುದ್ದದ ನಾಲ್ಕು ದಪ್ಪ ತಂತಿಗಳನ್ನು ಶ್ರುತಿಗೆ ಬಿಗಿದಾಗ ನೆಕ್‌ನ ಮೇಲೆ ಬೀಳುವ ಒಟ್ಟು ಎಳೆತ ಸುಮಾರು 75ರಿಂದ 85 ಕಿಲೋಗ್ರಾಂ ಭಾರಕ್ಕೆ ಸಮನಾಗಿರುತ್ತದೆ. ಈ ಎಳೆತವನ್ನು ಎದುರಿಸಿ ಮರವನ್ನು ನೇರವಾಗಿಡಲು ನೆಕ್‌ನ ಒಳಗೆ ಕೂರಿಸಿದ ಉಕ್ಕಿನ ಸರಳೇ ಟ್ರಸ್ ರಾಡ್. ವರ್ಷಗಟ್ಟಲೆ ಯಾರೂ ಗಮನಿಸದೆ ಬಿಟ್ಟ ಬೇಸ್‌ನಲ್ಲಿ, ಅಥವಾ ಪ್ರತಿ ಸಲ ತಂತಿ ಎದ್ದಾಗಲೂ ಅದನ್ನೇ ಬಿಗಿಯುತ್ತ ಬಂದ ಬೇಸ್‌ನಲ್ಲಿ, ಆ ಸರಳಿನ ನಟ್ಟು ಇನ್ನು ತಿರುಗಲಾರದ ಸ್ಥಿತಿ ತಲುಪಿರಬಹುದು. ಅಂಥ ಬೇಸನ್ನು ಸೆಟಪ್ ಸರಿಪಡಿಸಲಾರದು. ನೆಕ್ಕನ್ನೇ ಬದಲಿಸಬೇಕಾಗುತ್ತದೆ ಇಲ್ಲವೇ ದುಬಾರಿ ದುರಸ್ತಿಗೆ ಕೊಡಬೇಕಾಗುತ್ತದೆ, ಆಗ 22 ಸಾವಿರದ ಬೇಸ್ 22 ಸಾವಿರಕ್ಕೆ ನಿಲ್ಲುವುದಿಲ್ಲ.

ಹೋಗುವಾಗ ಒಂದು ಟ್ಯೂನರ್, ಒಂದು ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು), ಮಿಲಿಮೀಟರ್ ಗೆರೆಗಳಿರುವ ಉಕ್ಕಿನ ಸ್ಕೇಲು ತೆಗೆದುಕೊಂಡು ಹೋಗಿ. ಮೊದಲು ಶ್ರುತಿ ಮಾಡಿ, ಏಕೆಂದರೆ ಸಡಿಲ ತಂತಿಯ ಬೇಸ್‌ನಲ್ಲಿ ನೆಕ್‌ನ ನಿಜಸ್ಥಿತಿ ತಿಳಿಯದು. ಬಳಿಕ ಮೊದಲ ಫ್ರೆಟ್‌ಗೆ ಕೇಪೊ ಹಾಕಿ, ಅತಿ ದಪ್ಪದ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ಏಳು ಅಥವಾ ಎಂಟನೆಯ ಫ್ರೆಟ್‌ನ ಮೇಲೆ ತಂತಿಗೂ ಫ್ರೆಟ್‌ಗೂ ನಡುವಿನ ಸಂದನ್ನು ನೋಡಿ. ಸುಮಾರು 0.3 ಮಿಲಿಮೀಟರ್, ಅಂದರೆ ದಪ್ಪನೆಯ ವಿಸಿಟಿಂಗ್ ಕಾರ್ಡು ಹಿಡಿಯುವಷ್ಟು ಇದ್ದರೆ ನೆಕ್ ಸರಿಯಾಗಿದೆ, ತಂತಿ ಎತ್ತರವಾಗಿರುವುದು ಸ್ಯಾಡಲ್‌ಗಳಿಂದ ಎಂದರ್ಥ. ಸಂದು ಒಂದು ಮಿಲಿಮೀಟರ್ ದಾಟಿದ್ದರೆ ಟ್ರಸ್ ರಾಡನ್ನು ತಮ್ಮ ಕೈಯಿಂದಲೇ ಸ್ವಲ್ಪ ಸಡಿಲಿಸಿ ಮತ್ತೆ ಬಿಗಿದು ತೋರಿಸುವಂತೆ ಮಾರುವವರನ್ನು ಕೇಳಿ. ನಟ್ಟು ಎರಡೂ ದಿಕ್ಕಿಗೆ ಸಲೀಸಾಗಿ ತಿರುಗಿ, ಬಿಗಿಯುವ ಕಡೆಗೆ ಇನ್ನೂ ಅವಕಾಶವಿದ್ದರೆ ವ್ಯವಹಾರ ಮುಂದುವರಿಸಬಹುದು. ನಟ್ಟಿನ ಒಳಗಿನ ಮೂಲೆಗಳು ಸವೆದು ಗುಂಡಗಾಗಿದ್ದರೆ, ಅಥವಾ ‘ಅದನ್ನು ಮುಟ್ಟುವುದು ಬೇಡ’ ಎಂಬ ಉತ್ತರ ಬಂದರೆ, ಕಾಫಿ ಕುಡಿದು ಹೊರಟುಬನ್ನಿ.

ಇನ್ನೊಂದು ಪರೀಕ್ಷೆಯನ್ನು ಬಹಳ ಮಂದಿ ಮರೆಯುತ್ತಾರೆ. ಬೇಸಿನ ತುದಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೆಕ್‌ನ ಉದ್ದಕ್ಕೂ ದೃಷ್ಟಿ ಹಾಯಿಸಿ, ಎರಡೂ ಅಂಚುಗಳು ಒಂದೇ ಬಗೆಯಲ್ಲಿ ಸಾಗುತ್ತವೆಯೇ ಎಂದು ನೋಡಿ. ಮುಂದಕ್ಕೆ ಬಾಗಿದ ನೆಕ್ಕನ್ನು ಟ್ರಸ್ ರಾಡ್ ತಿದ್ದಬಲ್ಲದು, ತಿರುಚಿಕೊಂಡ ನೆಕ್ಕನ್ನು ಸಾಧಾರಣ ಟ್ರಸ್ ರಾಡ್ ತಿದ್ದಲಾರದು. ಆಮೇಲೆ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ನಿಧಾನವಾಗಿ ನುಡಿಸಿ, ಯಾವುದಾದರೂ ಸ್ವರ ಬೇಗ ಸಾಯುತ್ತದೆಯೇ ಎಂದು ಕೇಳಿಸಿಕೊಳ್ಳಿ.

ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಉದಾರವಾಗಿದೆ. ವಾಲ್ಯೂಮ್ ತಿರುಗಿಸಿದಾಗ ಗರಗರ ಸದ್ದು ಬಂದರೆ, ಜ್ಯಾಕ್ ಸಡಿಲವಾಗಿದ್ದರೆ ಗಾಬರಿಯಾಗಬೇಕಾಗಿಲ್ಲ. ಕಾಂಟ್ಯಾಕ್ಟ್ ಕ್ಲೀನರ್, ಕಾಲು ಇಂಚಿನ ಜ್ಯಾಕ್, ಪೊಟೆನ್ಶಿಯೋಮೀಟರ್ (ವಾಲ್ಯೂಮ್ ತಿರುಗಿಸುವ ಭಾಗ) ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಅಗ್ಗದ ಸಾಮಾನುಗಳು, ಬೆಸುಗೆ ಹಾಕಲು ಬಲ್ಲವರು ಅರ್ಧ ದಿನದಲ್ಲಿ ಮುಗಿಸುತ್ತಾರೆ. ಇವನ್ನು ದೋಷವೆಂದು ತಿಳಿಯದೆ ಚೌಕಾಸಿಗೆ ಸಿಕ್ಕ ಅವಕಾಶವೆಂದು ತಿಳಿಯಿರಿ. ಹೊಸ ತಂತಿಯ ಬೆಲೆ ಮತ್ತು ಸೆಟಪ್ಪಿನ ಕೂಲಿಯನ್ನು ಹೇಳಿದ ಬೆಲೆಯಿಂದ ಕಳೆಯುವಂತೆ ಕೇಳುವುದು ನ್ಯಾಯವಾದದ್ದೇ, ಕೇಳಲು ಸಂಕೋಚಪಡಬೇಡಿ.

ಪ್ರಶ್ನೆ: ಬೆರಳಿಗೆ ಹಗುರವಾಗಲಿ ಎಂದು ಹಳೆಯ ತಂತಿ ತೆಗೆದು ತೆಳುವಾದ ತಂತಿ ಹಾಕಿದೆ. ಅಂದಿನಿಂದ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ತಂತಿ ಫ್ರೆಟ್‌ಗೆ ಬಡಿದು ಝರಝರ ಎನ್ನುತ್ತಿದೆ. ಸ್ಯಾಡಲ್ ಎತ್ತರಿಸಿದರೆ ಸದ್ದು ಕಡಿಮೆಯಾಗುತ್ತದೆ, ಆದರೆ ಮೇಲಿನ ಫ್ರೆಟ್‌ಗಳಲ್ಲಿ ನುಡಿಸಲಾಗುವುದಿಲ್ಲ. – ಓದುಗರು, ಬಸವನಗುಡಿ

ಉತ್ತರ: ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಬಹುಭಾಗ ಅಡಗಿದೆ. ತೆಳು ತಂತಿಯ ಎಳೆತ ಕಡಿಮೆ, ಆದರೆ ಟ್ರಸ್ ರಾಡ್ ಮಾತ್ರ ಹಳೆಯ ತಂತಿಯ ಎಳೆತಕ್ಕೆ ತಕ್ಕ ಹಾಗೆ ಬಿಗಿದೇ ಇದೆ. ಆದ್ದರಿಂದ ನೆಕ್ ಇರಬೇಕಾದುದಕ್ಕಿಂತ ಹೆಚ್ಚು ನೇರವಾಗಿದೆ, ಬಹುಶಃ ಹಿಂದಕ್ಕೇ ಬಾಗಿದೆ. ಮೀಟಿದ ತಂತಿ ಕಂಪಿಸಲು ನೆಕ್‌ನ ನಡುವೆ ಸ್ವಲ್ಪ ತಗ್ಗು ಬೇಕೇ ಬೇಕು. ಸದ್ದು ಮೊದಲ ಐದು ಫ್ರೆಟ್‌ಗಳಲ್ಲಿ ಮಾತ್ರ ಬಂದರೆ ತಗ್ಗು ಸಾಲದೆಂದೂ, ಹನ್ನೆರಡರ ಆಚೆಗೆ ಬಂದರೆ ಸಾಮಾನ್ಯವಾಗಿ ಸ್ಯಾಡಲ್ ತೀರಾ ಕೆಳಗಿದೆಯೆಂದೂ, ಯಾವ ಫ್ರೆಟ್ಟನ್ನೂ ಒತ್ತದೆ ನುಡಿಸಿದಾಗ ಮಾತ್ರ ಬಂದರೆ ತಲೆಯ ಬಳಿ ತಂತಿಗಳು ಹಾದುಹೋಗುವ ಪಟ್ಟಿಯಲ್ಲಿ (ಇದಕ್ಕೂ ನಟ್ ಎಂದೇ ಹೆಸರು) ತಂತಿ ಕೂರುವ ಕೊರಕಲು ಆಳವಾಗಿದೆಯೆಂದೂ ತಿಳಿಯಬಹುದು. ನೀವು ಸ್ಯಾಡಲ್ ಎತ್ತರಿಸಿದ್ದು ರೋಗ ಬಿಟ್ಟು ಬೇರೆಡೆಗೆ ಔಷಧ ಹಚ್ಚಿದ ಹಾಗಾಯಿತು.

ಸೆಟಪ್‌ನಲ್ಲಿ ಕ್ರಮವೇ ಮುಖ್ಯ: ಮೊದಲು ನೆಕ್, ಆಮೇಲೆ ತಂತಿಯ ಎತ್ತರ, ಕೊನೆಗೆ ಇಂಟೊನೇಶನ್ (ನೆಕ್‌ನ ಉದ್ದಕ್ಕೂ ಸ್ವರಗಳು ಶ್ರುತಿಯಲ್ಲಿರುವಂತೆ ಹೊಂದಿಸುವುದು). ಹಿಂದಿನದು ಸರಿಯಾಗದೆ ಮುಂದಿನದಕ್ಕೆ ಕೈಹಾಕಿದರೆ ಮೂರನ್ನೂ ಮತ್ತೆ ಮಾಡಬೇಕಾಗುತ್ತದೆ. ಹೊಸ ತಂತಿಯನ್ನು ಶ್ರುತಿಗೆ ತಂದು, ಟ್ರಸ್ ರಾಡ್ ನಟ್ಟನ್ನು ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಕಾಲು ಸುತ್ತಿಗಿಂತ ಹೆಚ್ಚಾಗದಂತೆ ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ಕೆಲವು ಗಂಟೆ ಬಿಟ್ಟು ಅಳೆಯಿರಿ. ಮೇಲೆ ಹೇಳಿದ 0.3 ಮಿಲಿಮೀಟರ್ ಸಂದು ಬರುವ ತನಕ ಹೀಗೆಯೇ ಮುಂದುವರಿಸಿ. ಅಮೆರಿಕದ ಬೇಸ್‌ಗಳಲ್ಲಿ ಹೆಚ್ಚಾಗಿ ಇಂಚಿನ ಅಳತೆಯ ಕೀ, ಏಷ್ಯಾದಲ್ಲಿ ತಯಾರಾದವುಗಳಲ್ಲಿ ಹೆಚ್ಚಾಗಿ ಮಿಲಿಮೀಟರ್ ಅಳತೆಯ ಕೀ ಬೇಕಾಗುತ್ತದೆ. ಹತ್ತಿರ ಹತ್ತಿರ ಹೊಂದುವ ಕೀಯನ್ನು ಬಲವಂತವಾಗಿ ತಿರುಗಿಸಿ ನಟ್ಟು ಸವೆಸಿಕೊಂಡವರು ಈ ಊರಿನಲ್ಲಿ ಕಡಿಮೆಯೇನಿಲ್ಲ.

ನೆಕ್ ಸರಿಯಾದ ಮೇಲೆ ಹದಿನೇಳನೆಯ ಫ್ರೆಟ್‌ನಲ್ಲಿ ದಪ್ಪ ತಂತಿಯ ಎತ್ತರ 2.4 ಮಿಲಿಮೀಟರ್, ತೆಳು ತಂತಿಯದು 2 ಮಿಲಿಮೀಟರ್ ಇರುವಂತೆ ಸ್ಯಾಡಲ್ ಹೊಂದಿಸಿ. ಇದು ಆರಂಭಕ್ಕೆ ಒಳ್ಳೆಯ ಅಳತೆ. ಮೃದುವಾಗಿ ಮೀಟುವವರು ಇನ್ನೂ ಇಳಿಸಿಕೊಳ್ಳಬಹುದು. ಇಂಟೊನೇಶನ್ ನೋಡುವಾಗ ಹನ್ನೆರಡನೆಯ ಫ್ರೆಟ್‌ನಲ್ಲಿ ಒತ್ತಿ ನುಡಿಸಿದ ಸ್ವರವನ್ನು ಅದೇ ಜಾಗದ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿದ ಸ್ವರ) ಜೊತೆ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ನೆಕ್‌ನ ಕಡೆಗೆ ಸರಿಸಬೇಕು. ಮೊಬೈಲ್ ಟ್ಯೂನರನ್ನು ಇಲ್ಲಿ ನೆಚ್ಚಬೇಡಿ. ಅತಿ ಕೆಳಗಿನ ಇ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41 ಮಾತ್ರ, ಅಷ್ಟು ಕೆಳಗಿನ ಸ್ವರವನ್ನು ಫೋನಿನ ಮೈಕ್ ಸರಿಯಾಗಿ ಹಿಡಿಯುವುದಿಲ್ಲ. ಕೇಬಲ್ ಸಿಕ್ಕಿಸುವ ಟ್ಯೂನರ್ ಇದಕ್ಕೆ ಒಳ್ಳೆಯದು.

ಬೆಂಗಳೂರಿನ ಹವೆ ಹಿತಕರವೆಂದು ನಾವು ಹೇಳಿಕೊಂಡರೂ ಮರಕ್ಕೆ ಇಲ್ಲಿಯ ಫೆಬ್ರುವರಿ–ಮಾರ್ಚ್‌ನ ಒಣಗಾಳಿಗೂ ಆಗಸ್ಟ್‌ನ ತೇವಕ್ಕೂ ಇರುವ ವ್ಯತ್ಯಾಸ ಚೆನ್ನಾಗಿಯೇ ತಿಳಿಯುತ್ತದೆ. ಬೇಸಿಗೆಯಲ್ಲಿ ಫ್ರೆಟ್‌ಬೋರ್ಡ್ ಕುಗ್ಗಿ ಫ್ರೆಟ್‌ಗಳ ತುದಿ ಅಂಗೈಗೆ ತರಚುವುದೂ ಇದರಿಂದಲೇ. ಆದ್ದರಿಂದ ವರ್ಷಕ್ಕೆ ಎರಡು ಸಲ, ಮಳೆಗಾಲ ಹಿಡಿದಾಗ ಮತ್ತು ಚಳಿ ಕಳೆದಾಗ, ನೆಕ್ ಅಳೆಯುವ ರೂಢಿ ಇಟ್ಟುಕೊಳ್ಳಿ. ಅನೇಕ ಬೇಸ್‌ಗಳ ಫ್ರೆಟ್‌ಬೋರ್ಡ್ ನಮ್ಮ ಮಲೆನಾಡಿನ ಬೀಟೆ ಮರದ ಜಾತಿಯದ್ದೇ ಆಗಿರುತ್ತದೆ. ಅದಕ್ಕೆ ಫ್ರೆಟ್‌ಬೋರ್ಡಿಗೆಂದೇ ಮಾರುವ ಎಣ್ಣೆಯನ್ನು ಆಗೊಮ್ಮೆ ಈಗೊಮ್ಮೆ ತೆಳುವಾಗಿ ಸವರಬಹುದು, ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಮಾತ್ರ ಬೇಡ. ಅದು ಒಣಗದೆ ಧೂಳು ಹಿಡಿಯುತ್ತದೆ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ನಮ್ಮ ಭಾವ ಊರಿಗೆ ಬರುವಾಗ ಅಲ್ಲಿಯ ಸೆಕೆಂಡ್ ಹ್ಯಾಂಡ್ ಬೇಸ್ ಆಂಪ್ ಹೆಡ್ (ಸ್ಪೀಕರ್ ಇಲ್ಲದ ಆಂಪ್) ತಂದುಕೊಡುತ್ತೇನೆ ಎಂದಿದ್ದಾರೆ. ಇಲ್ಲಿ ನಡೆಯುತ್ತದೆಯೇ? – ಓದುಗರು, ವಿಜಯನಗರ

ಉತ್ತರ: ಕೊಳ್ಳುವ ಮೊದಲು ಆಂಪಿನ ಹಿಂಬದಿಯ ಫೋಟೊ ಕಳಿಸುವಂತೆ ನಿಮ್ಮ ಭಾವನವರನ್ನು ಕೇಳಿ. ಅಮೆರಿಕದ ಮನೆಗಳಲ್ಲಿ ಬರುವುದು 120 ವೋಲ್ಟ್, 60 ಹರ್ಟ್ಸ್. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಪವರ್ ಕೇಬಲಿನ ಪಕ್ಕದಲ್ಲಿ 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ, ಮೂರು ಪಿನ್ನಿನ ಇಲ್ಲಿಯ ಕೇಬಲ್ ಹಾಕಿದರೆ ಸಾಕು. ವೋಲ್ಟೇಜ್ ಬದಲಿಸುವ ಸ್ವಿಚ್ ಇದ್ದರೆ ಅದನ್ನು ಬದಲಿಸುವುದರ ಜೊತೆಗೆ 230ಕ್ಕೆಂದು ತಯಾರಕರು ಸೂಚಿಸಿದ ಫ್ಯೂಸನ್ನೂ ಹಾಕಬೇಕು. ಬರೀ 120 ಎಂದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ಗಿಗೆ ಹಾಕಿದ ಕ್ಷಣವೇ ಸುಟ್ಟುಹೋಗಬಹುದು. ಹೊತ್ತೊಯ್ಯಲು ಭಾರವಾದ ಟ್ರಾನ್ಸ್‌ಫಾರ್ಮರನ್ನು ಪ್ರತಿ ಕಾರ್ಯಕ್ರಮಕ್ಕೂ ಎಳೆದಾಡುವುದಾದರೆ ಉಳಿತಾಯವೆಲ್ಲಿ ಬಂತು? ಹೀಗಾಗಿ ಮೊದಲ ಬಗೆಯದಾದರೆ ಮಾತ್ರ ತರಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಆಂಪಿಗೆ ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಜೋಡಿಸುವಾಗ ಓಮ್ (ವಿದ್ಯುತ್ ತಡೆಯ ಅಳತೆ) ಲೆಕ್ಕ ತಪ್ಪಬಾರದು. ಆಂಪ್ ಕನಿಷ್ಠ 4 ಓಮ್ ಎಂದಿದ್ದರೆ 8 ಓಮಿನ ಎರಡು ಕ್ಯಾಬಿನೆಟ್ ಸೇರಿ 4 ಓಮ್ ಆಗುತ್ತವೆ, ಅದು ಸರಿ. 4 ಓಮಿನ ಎರಡು ಸೇರಿದರೆ 2 ಓಮ್ ಆಗಿ ಆಂಪಿಗೆ ಅಪಾಯ. ಆಂಪಿಗೂ ಕ್ಯಾಬಿನೆಟ್ಟಿಗೂ ನಡುವೆ ಬಳಸುವುದು ಸ್ಪೀಕರ್ ಕೇಬಲ್ಲೇ ಆಗಿರಬೇಕು, ಗಿಟಾರಿನ ತೆಳು ಕೇಬಲ್ ಅಲ್ಲ.

ಪ್ರಶ್ನೆ: ನಮ್ಮ ಆರ್ಕೆಸ್ಟ್ರಾ ಗಣೇಶೋತ್ಸವ, ರಾಜ್ಯೋತ್ಸವದ ವೇದಿಕೆಗಳಲ್ಲಿ ಹಾಡುತ್ತದೆ. ಮಗನ ಗಿಟಾರ್ ಆಂಪ್‌ಗೆ ಬೇಸ್ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ವೇದಿಕೆಗೆ ದೊಡ್ಡ ಆಂಪ್ ಕೊಳ್ಳಲೇಬೇಕೇ? ಕಳೆದ ವರ್ಷ ಒಂದು ಪೆಂಡಾಲಿನಲ್ಲಿ ಮೈಕಿಗೆ ತುಟಿ ತಾಗಿದಾಗ ಶಾಕ್ ಹೊಡೆಯಿತು, ಅದೂ ಬೇಸಿನಿಂದಲೇ? – ಓದುಗರು, ಯಶವಂತಪುರ

ಉತ್ತರ: ಮನೆಯಲ್ಲಿ ಸಣ್ಣ ದನಿಯಲ್ಲಿ ನುಡಿಸುವವರೆಗೆ ಗಿಟಾರ್ ಆಂಪ್‌ಗೆ ತೊಂದರೆಯಿಲ್ಲ. ದನಿ ಏರಿಸಿದರೆ ಬೇಸಿನ ಕೆಳಸ್ವರಗಳಿಗೆ ಕೋನ್ ಅಲ್ಲಾಡಬೇಕಾದಷ್ಟು ದೂರ ಅದರ ಸ್ಪೀಕರ್ ಅಲ್ಲಾಡಲಾರದೆ ಹಾಳಾಗುತ್ತದೆ. ವೇದಿಕೆಗೆ ದೊಡ್ಡ ಆಂಪ್ ಬೇಡ. ನಿಮ್ಮ ಕಾರ್ಯಕ್ರಮಗಳಲ್ಲಿ ಸೌಂಡಿನವರ ಮಿಕ್ಸರ್ ಮತ್ತು ಸಬ್‌ವೂಫರ್ ಹೇಗೂ ಇರುತ್ತವೆ. ಒಳ್ಳೆಯದೊಂದು ಡಿಐ ಬಾಕ್ಸ್ (ಬೇಸಿನ ಸಿಗ್ನಲನ್ನು ಮಿಕ್ಸರಿಗೆ ಹೊಂದುವಂತೆ ಮಾಡುವ ಪುಟ್ಟ ಪೆಟ್ಟಿಗೆ), ಅಥವಾ ಡಿಐ ಔಟ್ ಇರುವ ಪ್ರಿಆಂಪ್ ಪೆಡಲ್ ಕೊಂಡರೆ ಬೇಸ್ ನೇರವಾಗಿ ಅಲ್ಲಿಗೆ ಹೋಗುತ್ತದೆ. ಆಂಪಿಗೆ ಮೀಸಲಿಟ್ಟ ಹಣದ ಸಣ್ಣ ಪಾಲಿನಲ್ಲಿ ಇದು ಮುಗಿಯುತ್ತದೆ, ಸ್ಕೂಟರಿನಲ್ಲಿ ಒಯ್ಯಲೂ ಬರುತ್ತದೆ.

ಶಾಕಿನ ವಿಷಯ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಬೇಸಿನ ತಂತಿಗಳು ಬ್ರಿಡ್ಜ್ ಮತ್ತು ಕೇಬಲ್ ಮೂಲಕ ಆಂಪಿನ ಅರ್ತಿಗೆ ಸೇರಿರುತ್ತವೆ, ಮೈಕಿನ ಲೋಹದ ಜಾಲರಿ ಮಿಕ್ಸರಿನ ಅರ್ತಿಗೆ. ಎರಡೂ ಬೇರೆ ಬೇರೆ ಕಡೆಯಿಂದ ಕರೆಂಟ್ ಪಡೆದು, ಒಂದು ಕಡೆ ಅರ್ತಿಂಗ್ ಕೆಟ್ಟಿದ್ದರೆ ಅವುಗಳ ನಡುವೆ ನಿಮ್ಮ ದೇಹವೇ ತಂತಿಯಾಗುತ್ತದೆ. ಎಲ್ಲ ವಾದ್ಯಗಳಿಗೂ ಮಿಕ್ಸರಿಗೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿಸಿ, ಆ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನನ್ನು ತಾನಾಗಿ ಕಡಿಯುವ ಸ್ವಿಚ್) ಇದೆಯೇ ಎಂದು ವಿಚಾರಿಸಿ, ನುಡಿಸುವ ಮೊದಲು ತಂತಿಗೂ ಮೈಕಿಗೂ ನಡುವೆ ಮಲ್ಟಿಮೀಟರ್ ಹಿಡಿದು ಎಸಿ ವೋಲ್ಟೇಜ್ ನೋಡಿ. ಹತ್ತಾರು ವೋಲ್ಟ್ ತೋರಿಸಿದರೆ ಸರಿಪಡಿಸುವ ತನಕ ವೇದಿಕೆ ಹತ್ತಬೇಡಿ. ಗೂಂ ಎನ್ನುವ ಸದ್ದು ಹೋಗಲೆಂದು ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ಕೆಟ್ಟ ಅಭ್ಯಾಸ ನಮ್ಮಲ್ಲಿದೆ. ಆ ಸದ್ದಿಗೆ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ, ಪಿನ್ನಿಗೆ ಕೈಹಾಕಬಾರದು.

ಪ್ರಶ್ನೆ: ಹಳೆಯ ಬೇಸ್ ಮಾರಬೇಕು. ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಭಾಗ) ಬದಲಿಸಲು ಸಾಕಷ್ಟು ಖರ್ಚು ಮಾಡಿದ್ದೇನೆ, ಅದನ್ನು ಬೆಲೆಗೆ ಸೇರಿಸಬಹುದೇ? – ಓದುಗರು, ಜಯನಗರ

ಉತ್ತರ: ಸೇರಿಸಿದರೆ ಕೊಳ್ಳುವವರು ಸಿಗುವುದು ಕಷ್ಟ. ನೀವು ಮೆಚ್ಚಿ ಹಾಕಿಸಿದ ಪಿಕಪ್‌ಗೆ ಇನ್ನೊಬ್ಬರು ಅಷ್ಟೇ ಹಣ ಕೊಡುವುದು ಅಪರೂಪ. ಮೂಲ ಪಿಕಪ್ ಇಟ್ಟುಕೊಂಡಿದ್ದರೆ ಅದನ್ನೇ ಮತ್ತೆ ಕೂರಿಸಿ, ಹೊಸದನ್ನು ಬೇರೆಯಾಗಿ ಮಾರಿ. ಒಟ್ಟು ಹೆಚ್ಚು ಬರುತ್ತದೆ. ಹೊಸ ತಂತಿ ಹಾಕಿ, ನೆಕ್ ಸರಿಮಾಡಿ ತೋರಿಸಿದ ಬೇಸ್ ಬೇಗ ಹೋಗುತ್ತದೆ. ಗೀರು, ಫ್ರೆಟ್ ಸವೆತಗಳನ್ನು ಫೋಟೊದಲ್ಲಿಯೇ ತೋರಿಸಿಬಿಡಿ, ಮನೆಬಾಗಿಲಿನ ವಾದ ತಪ್ಪುತ್ತದೆ. ಕೊರಿಯರಿನಲ್ಲಿ ಕಳಿಸುವುದಾದರೆ ತಂತಿಗಳನ್ನು ಒಂದೆರಡು ಸ್ವರದಷ್ಟು ಮಾತ್ರ ಇಳಿಸಿ, ತಲೆಯ ಭಾಗದ ಕೆಳಗೂ ಸುತ್ತಲೂ ಬಟ್ಟೆ ತುರುಕಿ ಅಲ್ಲಾಡದಂತೆ ಮಾಡಿ. ಹಣ ಪಡೆಯಲು ಯಾರೂ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ, ಯುಪಿಐ ಪಿನ್ ಒತ್ತಬೇಕಾಗಿಲ್ಲ. ಬೇಸ್ ನೋಡದೆಯೇ ಪೂರ್ತಿ ಬೆಲೆಗೆ ಒಪ್ಪಿ ಕೋಡ್ ಕಳಿಸುವವರ ಜೊತೆ ವ್ಯವಹಾರ ಅಲ್ಲಿಗೇ ನಿಲ್ಲಿಸಿ.