ಕ್ರಿಕೆಟಿಗರಿಗೆ ಕೋಟಿಗಟ್ಟಲೆ ಹಣ ಸಿಗುವಾಗ ಅವರಿಗೆ ಸಂಘ ಯಾಕೆ ಬೇಕು?

ಐಪಿಎಲ್ ಹರಾಜಿನಲ್ಲಿ ರಿಷಭ್ ಪಂತ್ ಅವರಿಗೆ 27 ಕೋಟಿ ರೂಪಾಯಿ ಸಿಕ್ಕಿದೆ, ಹೀಗಿರುವಾಗ ಆಟಗಾರರು ಕಾರ್ಖಾನೆಯ ಕೆಲಸಗಾರರಂತೆ ಸಂಘ ಕಟ್ಟಿಕೊಳ್ಳಬೇಕು ಎನ್ನುವುದರಲ್ಲಿ ಅರ್ಥವಿದೆಯೇ ಎಂದು ಕೇಳಿದ್ದೀರಿ. ಒಂದು ದಿನ ಅವರು ಮುಷ್ಕರ ಹೂಡಬಹುದೇ ಎಂದೂ ಕೇಳಿದ್ದೀರಿ.

ಅರ್ಥವಿದೆ. ಆದರೆ ಸಂಘ ಬೇಕಿರುವುದು ಪಂತ್ ಅವರಿಗಲ್ಲ, ನನ್ನ ಸೋದರಮಾವನ ಮಗನಂಥವರಿಗೆ. ಅವನು ಒಂದು ರಾಜ್ಯ ತಂಡದಲ್ಲಿ ಎರಡು ಋತು ಇದ್ದ, ಬಹುಪಾಲು ಮೀಸಲು ಆಟಗಾರನಾಗಿ. 2021ರಲ್ಲಿ ಭಾರತೀಯ ಕ್ರಿಕೆಟ್ ಮಂಡಳಿ (ಬಿಸಿಸಿಐ) ಪರಿಷ್ಕರಿಸಿದ ದರದಂತೆ, ರಾಜ್ಯ ತಂಡಗಳ ನಡುವಿನ ರಣಜಿ ಟೂರ್ನಿಯಲ್ಲಿ 20ರವರೆಗೆ ಪಂದ್ಯ ಆಡಿದವನಿಗೆ ದಿನಕ್ಕೆ 40,000 ರೂಪಾಯಿ, 21ರಿಂದ 40 ಪಂದ್ಯ ಆಡಿದವನಿಗೆ 50,000, ಅದಕ್ಕೂ ಹೆಚ್ಚು ಆಡಿದವನಿಗೆ 60,000. ಮೀಸಲು ಆಟಗಾರನಿಗೆ ಅದರ ಅರ್ಧ. ಏಳು ಲೀಗ್ ಪಂದ್ಯ, ತಲಾ ನಾಲ್ಕು ದಿನ ಎಂದು ಲೆಕ್ಕ ಹಾಕಿದರೆ, ಎಲ್ಲ ಪಂದ್ಯಗಳಲ್ಲೂ ಹನ್ನೊಂದರ ಬಳಗದಲ್ಲಿರುವ ಹೊಸಬನಿಗೆ 11.2 ಲಕ್ಷ. ಕೇಳಲು ಚೆನ್ನಾಗಿಯೇ ಇದೆ. ಆದರೆ ಅದು ಸಂಬಳವಲ್ಲ, ದಿನಗೂಲಿ. ಆಯ್ಕೆಗಾರರು ಎರಡನೆಯ ಪಂದ್ಯಕ್ಕೇ ಕೈಬಿಟ್ಟರೆ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಹುಡುಗನ ಮಂಡಿ ತಿರುಚಿದ್ದು ಪಂದ್ಯದಲ್ಲಲ್ಲ, ಋತು ಶುರುವಾಗುವ ಮುಂಚಿನ ಅಭ್ಯಾಸದಲ್ಲಿ. ಆ ವರ್ಷ ಅವನಿಗೆ ಒಂದು ದಿನದ ಶುಲ್ಕವೂ ಬರಲಿಲ್ಲ. ಶಸ್ತ್ರಚಿಕಿತ್ಸೆಗೆ ಮಾವ ಸಾಲ ಮಾಡಿದರು.

ಹಿಂದೆ ಇಂಥ ಹುಡುಗರನ್ನು ಬ್ಯಾಂಕು, ರೈಲ್ವೆ, ಎಜಿ (ಸರ್ಕಾರಿ ಲೆಕ್ಕಪತ್ರ) ಕಚೇರಿಗಳ ಕ್ರೀಡಾ ಕೋಟಾ ನೌಕರಿ ಕಾಯುತ್ತಿತ್ತು. ಈಗ ಅಂಥ ಅವಕಾಶಗಳು ಕಡಿಮೆಯಾಗಿವೆ. 2020-21ರಲ್ಲಿ ಕೋವಿಡ್‌ನಿಂದಾಗಿ ರಣಜಿ ಟ್ರೋಫಿಯೇ ನಡೆಯಲಿಲ್ಲ. ಹಿಂದಿನ ಋತುವಿನಲ್ಲಿ ಆಡಿದ್ದವರಿಗೆ ಪಂದ್ಯ ಶುಲ್ಕದ ಅರ್ಧದಷ್ಟು ಪರಿಹಾರ ಕೊಡುತ್ತೇವೆ ಎಂದು ಮಂಡಳಿ ಪ್ರಕಟಿಸಿದ್ದು 2021ರ ಸೆಪ್ಟೆಂಬರ್‌ನಲ್ಲಿ. ವಾರ್ಷಿಕ ಗುತ್ತಿಗೆ ಇದ್ದಿದ್ದರೆ ಅಷ್ಟು ದಿನ ಯಾರೂ ಕಾಯಬೇಕಾಗಿರಲಿಲ್ಲ.

ಕೋಟಿಗಳ ಲೆಕ್ಕವನ್ನೂ ನೋಡೋಣ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು ಮಾರಾಟವಾಗಿದ್ದು 48,390 ಕೋಟಿಗೆ. ವರ್ಷಕ್ಕೆ ಸರಾಸರಿ 9,600 ಕೋಟಿಗೂ ಹೆಚ್ಚು. 2025ರ ಋತುವಿನ ಹರಾಜಿನಲ್ಲಿ ಆಟಗಾರರನ್ನು ಕೊಳ್ಳಲು ಪ್ರತಿ ಫ್ರಾಂಚೈಸಿಗೆ ಇದ್ದ ಮಿತಿ 120 ಕೋಟಿ, ಹತ್ತು ತಂಡ ಸೇರಿ 1,200 ಕೋಟಿ. ಪಂದ್ಯ ಶುಲ್ಕ ಸೇರಿಸಿದರೂ ಪ್ರಸಾರದ ಹಣದ ಆರನೆಯ ಒಂದು ಪಾಲನ್ನು ಅದು ಮುಟ್ಟುವುದಿಲ್ಲ. ಟಿಕೆಟ್, ಪ್ರಾಯೋಜಕರ ಹಣವನ್ನು ನಾನು ಎಣಿಸಿಯೇ ಇಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆಟದ ಆದಾಯದ ಸುಮಾರು ಅರ್ಧ ಆಟಗಾರರದ್ದು. 2011ರಲ್ಲಿ ತಂಡಗಳ ಮಾಲೀಕರು ಲೀಗ್‌ಗೇ ಬೀಗ ಜಡಿದು ಕೂತು, ಆಟಗಾರರ ಪಾಲನ್ನು ಶೇ 57ರಿಂದ ಅಲ್ಲಿಗೆ ಇಳಿಸಿದರು. ಸೋತ ಮೇಲೂ ಅರ್ಧ ಉಳಿಯಿತು, ಏಕೆಂದರೆ ಅಲ್ಲಿ ಚೌಕಾಸಿಗೆ ಕೂರುವ ಸಂಘವಿದೆ.

ನನಗೆ ಹೆಚ್ಚು ಹತ್ತಿರವೆನಿಸುವುದು ಆಸ್ಟ್ರೇಲಿಯಾದ ಉದಾಹರಣೆ. 2017ರ ಜೂನ್ 30ಕ್ಕೆ ಅಲ್ಲಿನ ಮಂಡಳಿಗೂ ಆಟಗಾರರಿಗೂ ಇದ್ದ ಒಪ್ಪಂದ ಮುಗಿಯಿತು. ಆದಾಯ ಹಂಚಿಕೆಯ ಹಳೆಯ ಪದ್ಧತಿಯನ್ನು ದೇಶೀಯ ಆಟಗಾರರ ಮಟ್ಟಿಗೆ ಕೈಬಿಡಬೇಕು ಎಂಬುದು ಕ್ರಿಕೆಟ್ ಮಂಡಳಿಯ ಹಟ. ಸ್ಟೀವ್ ಸ್ಮಿತ್, ಡೇವಿಡ್ ವಾರ್ನರ್ ಅಂಥ ತಾರೆಗಳಿಗೆ ಅದರಿಂದ ನಷ್ಟವೇನೂ ಆಗುತ್ತಿರಲಿಲ್ಲ. ಆದರೂ ಅವರು ಸಹಿ ಹಾಕಲಿಲ್ಲ. ಇನ್ನೂರಕ್ಕೂ ಹೆಚ್ಚು ಆಟಗಾರರು ಒಂದು ತಿಂಗಳಿಗೂ ಹೆಚ್ಚು ಕಾಲ ನಿರುದ್ಯೋಗಿಗಳಾದರು, ಆಸ್ಟ್ರೇಲಿಯಾ ‘ಎ’ ತಂಡ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಹೊರಡಲಿಲ್ಲ. ಆಗಸ್ಟ್ ಮೊದಲ ವಾರ ಮಂಡಳಿ ಬಗ್ಗಿತು. ಹಂಚಿಕೆ ಉಳಿಯಿತು, ಮಹಿಳಾ ಆಟಗಾರರೂ ಅದರೊಳಗೆ ಬಂದರು. ದೊಡ್ಡವರ ಹೆಗಲ ಮೇಲೆ ಚಿಕ್ಕವರು ನಿಂತರು.

ನಮ್ಮಲ್ಲೂ ಅಂಥ ಗಳಿಗೆ ಬಂದಿತ್ತು. 1989ರಲ್ಲಿ ಅಮೆರಿಕ, ಕೆನಡಾದಲ್ಲಿ ಪ್ರದರ್ಶನ ಪಂದ್ಯ ಆಡಿದ್ದಕ್ಕೆ ಕಪಿಲ್ ದೇವ್, ವೆಂಗ್‌ಸರ್ಕಾರ್, ಅಜರುದ್ದೀನ್ ಸೇರಿ ಆರು ಮಂದಿಗೆ ಮಂಡಳಿ ನಿಷೇಧ ಹೇರಿತ್ತು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ನಿಷೇಧ ತೆರವಾಯಿತು. 2002ರಲ್ಲಿ ಇನ್ನೂ ದೊಡ್ಡ ತಕರಾರು. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ (ಐಸಿಸಿ) ನಡೆಸುವ ಟೂರ್ನಿಯ ಪ್ರಾಯೋಜಕರಿಗೆ ಪೈಪೋಟಿಯಾದ ಕಂಪನಿಗಳ ಜಾಹೀರಾತಿನಲ್ಲಿ ಟೂರ್ನಿಯ ಹಿಂದೆ-ಮುಂದೆ ಮೂವತ್ತು ದಿನ ಆಟಗಾರರು ಕಾಣಿಸಬಾರದು ಎಂಬ ಷರತ್ತಿಗೆ ನಮ್ಮವರು ಸಹಿ ಹಾಕಲು ಒಪ್ಪಲಿಲ್ಲ. ಆಟಗಾರರ ಪರವಾಗಿ ಮಾತಿಗೆ ಕುಳಿತವರಲ್ಲಿ ನಮ್ಮ ಅನಿಲ್ ಕುಂಬ್ಳೆ ಮುಂದಿದ್ದರು. ಅದೇ ಬಿಸಿಯಲ್ಲಿ ಮಾಜಿ ನಾಯಕ ಪಟೌಡಿ ಅಧ್ಯಕ್ಷತೆಯ ಆಟಗಾರರ ಸಂಘ ಹುಟ್ಟಿತು. ಮಂಡಳಿ ಅದನ್ನು ಮಾನ್ಯ ಮಾಡಲೇ ಇಲ್ಲ, ಸಂಘ ತಾನಾಗಿಯೇ ಸೊರಗಿತು. ಆದರೂ 2004ರಲ್ಲಿ ಬಂದ ಶ್ರೇಣಿವಾರು ಗುತ್ತಿಗೆ, ಮಂಡಳಿಯ ಆದಾಯದಲ್ಲಿ ಶೇ 26 ಆಟಗಾರರಿಗೆ ಎಂಬ ಸೂತ್ರ, ಎರಡೂ ಆ ಒಗ್ಗಟ್ಟಿನ ಫಲವೆಂದೇ ನಾನು ನಂಬಿದ್ದೇನೆ.

2019ರಲ್ಲಿ ಭಾರತೀಯ ಕ್ರಿಕೆಟಿಗರ ಸಂಘ ಹುಟ್ಟಿದೆಯಲ್ಲ ಎನ್ನಬಹುದು. ಮಹಿಳಾ ತಂಡದ ಮಾಜಿ ನಾಯಕಿ, ನಮ್ಮ ಶಾಂತಾ ರಂಗಸ್ವಾಮಿ ಅದರ ಪ್ರತಿನಿಧಿಯಾಗಿ ಬಿಸಿಸಿಐನ ಉನ್ನತ ಮಂಡಳಿಯಲ್ಲಿ ಕುಳಿತದ್ದು ನನಗೆ ಹೆಮ್ಮೆಯ ಸಂಗತಿ. ಆದರೆ ಅದರ ಸದಸ್ಯತ್ವ ನಿವೃತ್ತರಿಗೆ ಮಾತ್ರ. ಇಂದು ಬೆವರು ಸುರಿಸುತ್ತಿರುವವನು ಬ್ಯಾಟ್ ಕೆಳಗಿಟ್ಟ ಮೇಲಷ್ಟೇ ಒಳಗೆ ಬರಬಹುದು!

ಮುಷ್ಕರದ ಮಾತಿಗೆ ಬಂದರೆ, ರಣಜಿ ಆಟಗಾರರೇ ಹೂಡಿದರೆ ಏನೂ ಆಗದು; ಅವರ ಜಾಗಕ್ಕೆ ಬರಲು ಪ್ರತಿ ಜಿಲ್ಲೆಯಲ್ಲೂ ನೂರು ಹುಡುಗರಿದ್ದಾರೆ. ಭಾರತ ತಂಡದ ಹದಿನೈದು ಮಂದಿ ಒಂದೇ ಒಂದು ಕಾಗದಕ್ಕೆ ಸಹಿ ಹಾಕದೆ ಕುಳಿತರೆ ಮಾತ್ರ ಮಂಡಳಿ ಮಾತಿಗೆ ಕರೆಯುತ್ತದೆ. ಅವರು ಕೇಳಬೇಕಿರುವುದು ದೊಡ್ಡದೇನಲ್ಲ: ರಾಜ್ಯ ತಂಡದ ಪ್ರತಿಯೊಬ್ಬನಿಗೂ ವಾರ್ಷಿಕ ಗುತ್ತಿಗೆ, ಅಭ್ಯಾಸದಲ್ಲಿ ಆದ ಗಾಯಕ್ಕೂ ವಿಮೆ. ನಮ್ಮ ಹುಡುಗ ಈಗ ಒಂದು ಶಾಲೆಯಲ್ಲಿ ಮಕ್ಕಳಿಗೆ ಬೌಲಿಂಗ್ ಹೇಳಿಕೊಡುತ್ತಾನೆ. ಮಾವನ ಸಾಲ ಕಳೆದ ವರ್ಷ ತೀರಿತು.