ನಾರ್ವೆಯಲ್ಲಿ ಗಾಳ ಹಾಕುವ ಮುನ್ನ

ಮೋಟರ್‌ಹೋಮ್‌ನಲ್ಲಿ ನಾರ್ವೆ ಸುತ್ತುವಾಗ ಮೀನು ಹಿಡಿಯಲು ಪರವಾನಗಿ ಬೇಕೇ, ಹಿಡಿದದ್ದನ್ನು ವಾಹನದ ಫ್ರೀಜರ್‌ನಲ್ಲಿಟ್ಟು ಗಡಿ ದಾಟಿಸಬಹುದೇ ಎಂದು ಕೇಳಿದ್ದೀರಿ. ಸಮುದ್ರದಲ್ಲಿ ಕೈಯಲ್ಲಿ ಹಿಡಿಯುವ ಗಾಳವನ್ನಷ್ಟೇ ಬಳಸುವ ವಿದೇಶಿಯರಿಗೆ ಪರವಾನಗಿಯೂ ಬೇಕಿಲ್ಲ, ಶುಲ್ಕವೂ ಇಲ್ಲ. ಆದರೆ ಮೀನು ಸಾಕಣೆಯ ತಾಣಗಳಿಂದ ಕನಿಷ್ಠ 100 ಮೀಟರ್ ದೂರವಿರಬೇಕು, ಹಿಡಿದ ಮೀನನ್ನು ಮಾರುವಂತಿಲ್ಲ. ನದಿ, ಸರೋವರಗಳಲ್ಲಿ ಆಯಾ ಸ್ಥಳದ ಮೀನುಗಾರಿಕೆಯ ಹಕ್ಕುದಾರರು ಕೊಡುವ ಪರವಾನಗಿ ಕಾರ್ಡ್ ಕೊಳ್ಳಬೇಕು. ಸಾಲ್ಮನ್ ಮೀನು ಹಿಡಿಯಬಯಸುವ ವಯಸ್ಕರು ಅದರ ಜೊತೆಗೆ ಸರ್ಕಾರಿ ಶುಲ್ಕವನ್ನೂ ಕಟ್ಟಬೇಕು.

ನಿಮ್ಮ ಯೋಜನೆಗೆ ನಿಜವಾಗಿ ತೊಡಕಾಗುವುದು ಫ್ರೀಜರ್ ವಿಚಾರ. ಸಮುದ್ರದ ಮೀನನ್ನು ದೇಶದ ಹೊರಗೆ ಒಯ್ಯಬೇಕಾದರೆ ಅದನ್ನು ನೋಂದಾಯಿತ ಪ್ರವಾಸಿ ಮೀನುಗಾರಿಕೆ ಸಂಸ್ಥೆಯೊಂದರ ಮೂಲಕವೇ ಹಿಡಿದಿರಬೇಕು, ಅದರ ದಾಖಲೆಯೂ ಕೈಯಲ್ಲಿರಬೇಕು. ದಾರಿಯಲ್ಲಿ ಸಿಕ್ಕ ದಡದಲ್ಲಿ ವಾಹನ ನಿಲ್ಲಿಸಿ ಹಿಡಿದದ್ದನ್ನು ಅಂದಂದೇ ಅಡುಗೆಗೆ ಬಳಸಿಬಿಡುವುದು ಲೇಸು, ರುಚಿಯೂ ಆಗಲೇ ಹೆಚ್ಚು.

ಇನ್ನೊಂದು ಮಾತು: ಗೈರೊಡ್ಯಾಕ್ಟೈಲಸ್ ಎಂಬ ಪರಾವಲಂಬಿಯು ಅಲ್ಲಿನ ಹಲವು ನದಿಗಳ ಸಾಲ್ಮನ್ ಸಂತತಿಯನ್ನು ಹಾಳುಮಾಡಿರುವುದರಿಂದ, ಒಂದು ನದಿಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಗಾಳದ ಕೋಲು, ಕೈಬಲೆ, ಬೂಟುಗಳನ್ನು ಪೂರ್ಣ ಒಣಗಿಸಬೇಕು ಅಥವಾ ಸೋಂಕುರಹಿತಗೊಳಿಸಬೇಕು. ಮೋಟರ್‌ಹೋಮ್‌ನ ಮುಚ್ಚಿದ ಡಿಕ್ಕಿಯಲ್ಲಿ ಬಲೆಯ ಗಂಟುಗಳೂ ಬೂಟಿನ ಒಳಪದರವೂ ಬೇಗ ಒಣಗುವುದಿಲ್ಲ. ಆದ್ದರಿಂದ ಸೋಂಕು ನಿವಾರಣಾ ಕೇಂದ್ರವಿರುವ ನದಿಗಳನ್ನೇ ಆರಿಸಿಕೊಂಡು ಮಾರ್ಗ ರೂಪಿಸಿ.