ಸಾರ ಮತ್ತು ಅಸ್ತಿತ್ವ: ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಹದಿಮೂರನೆಯ ಶತಮಾನದ ಕ್ರೈಸ್ತ ತತ್ತ್ವಜ್ಞಾನಿ ಥಾಮಸ್ ಅಕ್ವಿನಾಸ್ ಸಾರಕ್ಕೂ (ವಸ್ತು ಏನೆಂಬುದಕ್ಕೂ) ಅಸ್ತಿತ್ವಕ್ಕೂ (ಅದು ಇದೆ ಎಂಬುದಕ್ಕೂ) ಕಲ್ಪಿಸಿದ ಭೇದವನ್ನು ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಭಾಷೆ ಸ್ವಚ್ಛವಾಗಿದೆ, ಶ್ರದ್ಧೆಯೂ ಕಾಣುತ್ತದೆ. ಆದರೆ ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ.

ಲೇಖನವೆಲ್ಲ ಪುರಾಣದ ಫೀನಿಕ್ಸ್ ಹಕ್ಕಿಯ ಉದಾಹರಣೆಯ ಮೇಲೆ ನಿಂತಿದೆ. ಫೀನಿಕ್ಸ್ ಲೋಕದಲ್ಲಿ ಇದೆಯೋ ಇಲ್ಲವೋ ತಿಳಿಯದೆಯೂ ಅದು ಏನೆಂಬುದನ್ನು ಗ್ರಹಿಸಬಹುದಾದ್ದರಿಂದ ಸಾರವೇ ಬೇರೆ, ಅಸ್ತಿತ್ವವೇ ಬೇರೆ ಎಂದು ನೀವು ಮುಗಿಸಿಬಿಡುತ್ತೀರಿ. ಬುದ್ಧಿಯಲ್ಲಿ ಬೇರ್ಪಡಿಸಬಹುದಾದದ್ದು ವಸ್ತುವಿನಲ್ಲೂ ಬೇರೆಯಾಗಿಯೇ ಇರಬೇಕೇ ಎಂದು ಓದುಗರು ಕೇಳಿದರೆ ನಿಮ್ಮಲ್ಲಿ ಉತ್ತರವಿಲ್ಲ. 1250ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಬರೆದ ಕಿರುಗ್ರಂಥದಲ್ಲಿ ಅಕ್ವಿನಾಸ್ ಅಲ್ಲಿಗೆ ನಿಲ್ಲುವುದಿಲ್ಲ. ಅಸ್ತಿತ್ವವೇ ಸಾರವಾಗಿರುವ ಸತ್ತೆಯೊಂದು ಇದ್ದರೆ, ಅದನ್ನು ಹಲವಾಗಿಸಬಲ್ಲ ಭೇದಕ ಲಕ್ಷಣವನ್ನಾಗಲಿ ದ್ರವ್ಯವನ್ನಾಗಲಿ (ವಸ್ತು ಯಾವುದರಿಂದ ಆಗಿದೆಯೋ ಅದನ್ನಾಗಲಿ) ಅದಕ್ಕೆ ಸೇರಿಸಲು ಬಾರದ ಕಾರಣ ಅದು ಒಂದೇ ಆಗಿರಬೇಕು; ಆದ್ದರಿಂದ ಉಳಿದೆಲ್ಲದರಲ್ಲೂ ಅವೆರಡು ಬೇರೆ, ಅಲ್ಲೆಲ್ಲ ಅಸ್ತಿತ್ವವು ಕಾರಣವೊಂದರಿಂದ ಪಡೆದದ್ದು ಎಂದು ಆತ ಮುಂದುವರಿಸುತ್ತಾನೆ. ನನ್ನ ದೃಷ್ಟಿಯಲ್ಲಿ ವಾದದ ಭಾರವೆಲ್ಲ ಈ ಹೆಜ್ಜೆಯ ಮೇಲಿದೆ, ನಿಮ್ಮಲ್ಲಿ ಅದೇ ಕಾಣೆಯಾಗಿದೆ.

ದೇವದೂತರ ಪ್ರಸ್ತಾಪ ಇಂದಿನವರಿಗೆ ಬೇಡವೆಂದು ನೀವು ಕೈಬಿಟ್ಟಿದ್ದೀರಿ. ಆ ಚರ್ಚೆ ಹುಟ್ಟಿಕೊಂಡದ್ದೇ ಅಲ್ಲಿ. ದೇವರ ಹೊರತು ಎಲ್ಲದರಲ್ಲೂ, ದೇವದೂತರಲ್ಲಿ ಕೂಡ, ಒಂದು ಬಗೆಯ ದ್ರವ್ಯವಿದೆ ಎಂದು ಹನ್ನೊಂದನೆಯ ಶತಮಾನದ ಯಹೂದಿ ಚಿಂತಕ ಇಬ್ನ್ ಗಬಿರೋಲ್ ಹೇಳಿದ್ದ. ಅಕ್ವಿನಾಸ್ ಅದನ್ನು ಒಪ್ಪಲಿಲ್ಲ. ಹಾಗಾದರೆ ದ್ರವ್ಯವಿಲ್ಲದ ದೇವದೂತರಿಗೂ ದೇವರಿಗೂ ಅಂತರವೇನು? ಅವರ ಅಸ್ತಿತ್ವ ಅವರದೇ ಸಾರವಲ್ಲ, ಪಡೆದದ್ದು ಎಂಬುದು ಆತನ ಉತ್ತರ. ಈ ಒತ್ತಡವನ್ನು ತೆಗೆದುಬಿಟ್ಟರೆ ಆ ಭೇದ ಏಕೆ ಬೇಕಾಯಿತು ಎಂಬುದೇ ತಿಳಿಯುವುದಿಲ್ಲ.

'ಮೊದಲು ಸಾರವಿರುತ್ತದೆ, ಆಮೇಲೆ ಅಸ್ತಿತ್ವ ಬಂದು ಸೇರುತ್ತದೆ' ಎಂಬ ನಿಮ್ಮ ವಾಕ್ಯವನ್ನು ಹೊಡೆದುಹಾಕಿ. ಅಸ್ತಿತ್ವಕ್ಕೆ ಮುಂಚೆ ಸಾರವು ಎಲ್ಲೂ ಕಾದಿರುವುದಿಲ್ಲ. ಸಾಮರ್ಥ್ಯಕ್ಕೂ ಅದರ ಸಾಕ್ಷಾತ್ಕಾರಕ್ಕೂ ಇರುವ ಸಂಬಂಧವೇ ಅವೆರಡರ ನಡುವೆ ಇದೆ. ಅವುಗಳನ್ನು ಎರಡು ವಸ್ತುಗಳಂತೆ ಮಾತನಾಡಿದವನು ಮುಂದಿನ ಪೀಳಿಗೆಯ ಚಿಂತಕ ರೋಮಿನ ಗೈಲ್ಸ್. 1597ರಲ್ಲಿ ಸ್ಪೇನಿನ ಚಿಂತಕ ಸುವಾರೆಸ್ ಈ ಭೇದ ಬುದ್ಧಿ ಕಲ್ಪಿಸಿದ್ದು ಮಾತ್ರ ಎಂದು ವಾದಿಸಿದ. ಈ ಭೇದದ ವಿಚಾರದಲ್ಲಿ ಅಕ್ವಿನಾಸನ ಮೇಲಿರುವ ಪರ್ಷಿಯಾದ ತತ್ತ್ವಜ್ಞಾನಿ ಇಬ್ನ್ ಸೀನಾನ (980–1037) ಋಣವನ್ನೂ ಹೆಸರಿಟ್ಟು ಹೇಳಬೇಕು.

ಕೊನೆಯ ಭಾಗದಲ್ಲಿ ಉಪನಿಷತ್ತಿನ 'ಸತ್' ಇದೇ ಎಂದು ಅರ್ಧ ಪುಟದಲ್ಲಿ ಸಮೀಕರಿಸಿದ್ದೀರಿ. ಅದು ಪ್ರತ್ಯೇಕ ಅಧ್ಯಯನವನ್ನು ಬೇಡುವ ವಿಷಯವಾದ್ದರಿಂದ ಇಲ್ಲಿ ಬಿಡಿ. ಆ ಜಾಗವನ್ನು ದೇವದೂತರಿಗೆ ಕೊಟ್ಟು, ತಿದ್ದಿದ ಪ್ರತಿಯನ್ನು ಕಳುಹಿಸಿದರೆ ನಾನೇ ಓದುತ್ತೇನೆ.

ಸಂಪಾದಕ